ಹಳೆ ಸರ್ಕಾರಿ ಕಟ್ಟಡ ಜನರಿಗೆ ಏನಾಗಿತ್ತು? ದಾಖಲಿಸುವ ಕ್ರಮ

‘ನಾನು ಲೇಡಿಗೋಷನ್‌ನಲ್ಲಿ ಹುಟ್ಟಿದ್ದು’ ಎನ್ನುವವರು ಮಂಗಳೂರಿನಲ್ಲಿ ಮನೆಮನೆಗೂ ಸಿಗುತ್ತಾರೆ. 1924ರಿಂದ 1929ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ ಗೋಷನ್ ಅವರ ಪತ್ನಿಯ ಹೆಸರು ಹೊತ್ತ ಸರ್ಕಾರಿ ಹೆರಿಗೆ ಆಸ್ಪತ್ರೆ ಅದು. ಊರಿನ ಬಾಯಲ್ಲಿ ಮಾತ್ರ ಆ ಹೆಸರಿಗೆ ಹೆರಿಗೆ, ಬಾಣಂತಿ, ಫ್ಲಾಸ್ಕಿನಲ್ಲಿ ಒಯ್ದ ಗಂಜಿತಿಳಿ ಎಂದಷ್ಟೇ ಅರ್ಥ. ಹೆಸರು ಹಾಗೇ ಉಳಿಯಿತು, ಅರ್ಥ ಇಡಿಯಾಗಿ ಜನರ ಕೈಗೆ ಬಂತು. ಅದೇ ಊರಿನ ಬಾವುಟಗುಡ್ಡೆಯ ಕಥೆ ಬೇರೆ. 1837ರ ಏಪ್ರಿಲ್ 5ರಂದು ಅಮರಸುಳ್ಯದ ಕಡೆಯಿಂದ ಬಂದ ರೈತರ ದಂಡು ಅಲ್ಲಿ ಕಂಪೆನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿತು, 13 ದಿನ ಊರನ್ನು ಹಿಡಿದಿಟ್ಟಿತು. ಆಮೇಲೆ ಅದೇ ಗುಡ್ಡ ಬಹುಕಾಲ ‘ಲೈಟ್‌ಹೌಸ್ ಹಿಲ್’ ಆಗಿತ್ತು. 2022ರ ನವೆಂಬರಿನಲ್ಲಿ ಆ ದಂಡಿನ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತ ಮೇಲೆ ಹಳೆ ಹೆಸರು ಮತ್ತೆ ಮುಂದೆ ಬಂದಿದೆ.

2025ರ ಮೇ ತಿಂಗಳಲ್ಲಿ ಮಂಗಳೂರಿನ ಹೊಸ ಜಿಲ್ಲಾಡಳಿತ ಕಚೇರಿ, ಪಡೀಲಿನ ಪ್ರಜಾಸೌಧ ಉದ್ಘಾಟನೆಯಾಯಿತು. ಸ್ಟೇಟ್‌ಬ್ಯಾಂಕ್ ಬಳಿಯ ಹಳೆ ಜಿಲ್ಲಾಧಿಕಾರಿ ಕಚೇರಿಗೆ ಇನ್ನು ಬೇರೆ ಅರ್ಥ ಬರುವ ಕಾಲ ಇದು. ಉಡುಪಿಯಲ್ಲಿ ಜಿಲ್ಲಾಡಳಿತ ಮಣಿಪಾಲದ ರಜತಾದ್ರಿಯಲ್ಲಿದೆ. ಪೇಟೆಯೊಳಗಿನ ಹಳೆ ಕಚೇರಿಗಳ ನೆನಪು ಅಜ್ಜ ಅಜ್ಜಿಯರ ಹತ್ತಿರ ಮಾತ್ರ ಇದೆ. ಕಚೇರಿ ಎದ್ದುಹೋದ ಮೊದಲ ಎರಡು ವರ್ಷ ತುಂಬ ಮುಖ್ಯ. ಮೇಜು ಕಪಾಟು ಖಾಲಿಯಾಗಿರುತ್ತವೆ, ಗೋಡೆಯಲ್ಲಿ ಗುರುತುಗಳು ಇನ್ನೂ ಇರುತ್ತವೆ. ಅಲ್ಲಿ ನಿಂತು ಕಾದವರೂ ನಮ್ಮ ನಡುವೆಯೇ ಇರುತ್ತಾರೆ. ಆಮೇಲೆ ಪೈಂಟಿನವರು ಬರುತ್ತಾರೆ.

ತಾಲೂಕು ಕಚೇರಿ, ನೋಂದಣಿ ಕಚೇರಿ, ಪ್ರವಾಸಿ ಬಂಗಲೆ, ಹಳೆ ಆಸ್ಪತ್ರೆ ಯಾವುದಕ್ಕಾದರೂ ಇಲ್ಲಿ ಹೇಳುವ ದಾಖಲಿಸುವ ಕ್ರಮ ಹೊಂದುತ್ತದೆ. ನಾಲ್ಕು ಜನ, ಎಂಟು ಶನಿವಾರ–ಭಾನುವಾರ ಸಾಕು. ನವೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಿ. ಮಳೆಗಾಲದಲ್ಲಿ ಹಂಚಿನ ಮಾಡಿನ ಕೆಳಗೆ ಧ್ವನಿಮುದ್ರಣ ಆಗುವುದಿಲ್ಲ, ಒದ್ದೆ ಗೋಡೆಯಲ್ಲಿ ಬಣ್ಣದ ಪದರವೂ ತಿಳಿಯುವುದಿಲ್ಲ.

ಒಂದು ಮಾತನ್ನು ಮೊದಲೇ ಗಟ್ಟಿಯಾಗಿ ಹೇಳಬೇಕು. ಇಂಥ ಕೆಲಸ ಶುರುಮಾಡುವವರಲ್ಲಿ ಹೆಚ್ಚಿನವರು ‘ಕಟ್ಟಿಸಿದ್ದು ಯಾರು, ಯಾವ ಇಸವಿ’ ಎಂಬಲ್ಲೇ ಸಿಕ್ಕಿಕೊಳ್ಳುತ್ತಾರೆ. ಅದೂ ಬೇಕು. ಆದರೆ ಕಟ್ಟಡದ ಅರ್ಥ ಹುಟ್ಟುವುದು ಅಲ್ಲಿಗೆ ಜನ ಹೊತ್ತುತಂದ ಕೆಲಸದಿಂದ. ಯಾರು, ಯಾವ ಕೆಲಸಕ್ಕೆ, ಯಾವ ಬಾಗಿಲಿನಿಂದ ಬಂದರು. ಎಲ್ಲಿ ನಿಂತರು, ಎಷ್ಟು ಹೊತ್ತು ಕಾದರು, ಹಿಂದಿರುಗುವಾಗ ಕೈಯಲ್ಲಿ ಏನಿತ್ತು? ಮುಂದಿನ ಎಲ್ಲ ಹಂತಗಳೂ ಈ ಪ್ರಶ್ನೆಗಳ ಸುತ್ತಲೇ ಇವೆ.

ಅನುಮತಿ

ಕಟ್ಟಡ ಈಗ ಯಾವ ಇಲಾಖೆಯ ಸುಪರ್ದಿಯಲ್ಲಿದೆಯೋ ಅದರ ಮುಖ್ಯಸ್ಥರಿಗೆ ಲಿಖಿತ ಅರ್ಜಿ ಕೊಡಿ. ದಿನಾಂಕ, ಬರುವವರ ಹೆಸರು, ತರುವ ಉಪಕರಣ, ಮುಟ್ಟುವ ಜಾಗ ಎಲ್ಲವೂ ಅದರಲ್ಲಿರಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹಿಂತಿರುಗಬೇಡಿ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದರೆ ಗೋಡೆಗೆ ಉಗುರನ್ನೂ ತಾಗಿಸಬೇಡಿ. ಅದರ ಸುತ್ತ 100 ಮೀಟರ್ ಕಟ್ಟಡ ಕಟ್ಟಲು ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ.

ಕಟ್ಟಡದ ರಿಜಿಸ್ಟರ್, ದುರಸ್ತಿಯ ಅಂದಾಜುಪಟ್ಟಿ, ಹಳೆ ನಕ್ಷೆ ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆಯಲ್ಲಿರುತ್ತವೆ. ಬಾಯಿಮಾತಿಗೆ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಕಟ್ಟಡದ ಇತಿಹಾಸ ಕೊಡಿ’ ಎಂದು ಬರೆದರೆ ‘ಲಭ್ಯವಿಲ್ಲ’ ಎಂಬ ಒಂದೇ ಸಾಲು ಬರುತ್ತದೆ. ‘ಸದರಿ ಕಟ್ಟಡಕ್ಕೆ ಸಂಬಂಧಿಸಿದ ಕಟ್ಟಡ ರಿಜಿಸ್ಟರಿನ ಪುಟಗಳ ಪ್ರತಿ’ ಎಂದು ದಾಖಲೆಯ ಹೆಸರು ಹಿಡಿದು ಕೇಳಿ. ನಕ್ಷೆಗೆ ಇನ್ನೊಂದು ಅರ್ಜಿ ಹಾಕಿ.

ಕಾಲ ಗುರುತಿಸುವುದು

ನಾಮಫಲಕ, ಮೊಹರು, ಬೀರುವಿನ ಮೇಲಿನ ಪೈಂಟ್ ಅಕ್ಷರ, ಹಳೆ ಲಕೋಟೆ ಇವುಗಳ ಮೇಲಿನ ಸರ್ಕಾರದ ಹೆಸರೇ ಗಡಿಯಾರ. ಬರೀ ‘ಕೆನರಾ’ ಎಂದಿದ್ದರೆ ಬಹಳ ಹಳೆಯದು. 1862ರಲ್ಲಿ ಕೆನರಾದ ಉತ್ತರದ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣದ ಭಾಗ ಮದ್ರಾಸಿನಲ್ಲೇ ಉಳಿಯಿತು. ಮದ್ರಾಸ್ ಸರ್ಕಾರದ ಗುರುತಿದ್ದರೆ 1956ರ ನವೆಂಬರ್ 1ಕ್ಕಿಂತ ಹಿಂದಿನದು. ‘ಮೈಸೂರು ಸರ್ಕಾರ’ ಎಂದಿದ್ದರೆ ಅಲ್ಲಿಂದ 1973ರ ನವೆಂಬರ್ 1ರವರೆಗಿನದು. ‘ಕರ್ನಾಟಕ ಸರ್ಕಾರ’ ಎಂದಿದ್ದು ಉಡುಪಿ ಇನ್ನೂ ದಕ್ಷಿಣ ಕನ್ನಡದೊಳಗೇ ಇದ್ದರೆ 1973ರಿಂದ 1997ರ ನಡುವಿನದು. ಇಂಗ್ಲಿಷಿನಲ್ಲಿ ‘ಮ್ಯಾಂಗಲೋರ್’ ಹೋಗಿ ‘ಮಂಗಳೂರು’ ಬಂದದ್ದು 2014ರ ನವೆಂಬರ್ 1ರಿಂದ.

ತಪ್ಪಾಗುವುದು ಇಲ್ಲಿ: ಸರ್ಕಾರ ಬದಲಾದ ಮಾರನೆ ದಿನ ಮೊಹರು ಬದಲಾಗುವುದಿಲ್ಲ. ಹಳೆ ಲೆಟರ್‌ಹೆಡ್ಡು ಮುಗಿಯುವವರೆಗೆ, ಕೆಲವೊಮ್ಮೆ ವರ್ಷಗಟ್ಟಲೆ, ಅದೇ ನಡೆಯುತ್ತದೆ. ಹಾಗಾಗಿ ಹೊಸ ಹೆಸರು ಕಂಡರೆ ‘ಇದಕ್ಕಿಂತ ಹಿಂದಿನದಲ್ಲ’ ಎಂದು ಗಟ್ಟಿಯಾಗಿ ಹೇಳಬಹುದು. ಹಳೆ ಹೆಸರು ಕಂಡು ‘ಇದಕ್ಕಿಂತ ಈಚಿನದಲ್ಲ’ ಎನ್ನುವಾಗ ಸ್ವಲ್ಪ ಸಡಿಲು ಬಿಡಿ.

ಜನರ ಬಾಯಲ್ಲಿ ಹೆಸರು ಇನ್ನೂ ನಿಧಾನವಾಗಿ ಬದಲಾಗುತ್ತದೆ. 1868ರಲ್ಲಿ ಶುರುವಾದ, ಮಂಗಳೂರಿನ ಹಂಪನಕಟ್ಟೆಯ ಸರ್ಕಾರಿ ಕಾಲೇಜು ಈಗ ವಿಶ್ವವಿದ್ಯಾನಿಲಯ ಕಾಲೇಜು. ಹಳಬರಿಗೆ ಇಂದಿಗೂ ‘ಗವರ್ನಮೆಂಟ್ ಕಾಲೇಜು’. ಅಲ್ಲಿನ ಸಭಾಂಗಣಕ್ಕೆ 1922ರಲ್ಲಿ ಬಂದುಹೋದ ರವೀಂದ್ರನಾಥ ಟಾಗೋರರ ಹೆಸರು ನಿಂತಿದೆ. ಹಂಪನಕಟ್ಟೆಯ ಗಡಿಯಾರ ಗೋಪುರ ಕೆಡವಿ ಮತ್ತೆ ಕಟ್ಟುವವರೆಗಿನ ಅಷ್ಟೂ ವರ್ಷ ಜನ ‘ಕ್ಲಾಕ್ ಟವರ್ ಹತ್ತಿರ ಇಳಿಸಿ’ ಎಂದೇ ಬಸ್ಸಿನಲ್ಲಿ ಹೇಳುತ್ತಿದ್ದರು. ಆದ್ದರಿಂದ ಎರಡು ಪಟ್ಟಿ ಮಾಡಿ: ಫಲಕದ ಹೆಸರು ಒಂದು, ಬಾಯಿಯ ಹೆಸರು ಇನ್ನೊಂದು.

ಕಟ್ಟಡವನ್ನು ಓದುವುದು

ಬೇಕಾದ್ದು: 5 ಮೀಟರಿನ ಸ್ಟೀಲ್ ಟೇಪು, 30 ಮೀಟರಿನ ನಾರಿನ ಟೇಪು, ಟಾರ್ಚು, 10 ಪಟ್ಟಿನ ಭೂತಗನ್ನಡಿ, ಸಣ್ಣ ಶಸ್ತ್ರಕ್ರಿಯೆಯ ಬ್ಲೇಡು, ಮಾಸ್ಕು, ಟ್ರೇಸಿಂಗ್ ಪೇಪರು. ಮೊದಲು 1:100ರ ಅಳತೆಯಲ್ಲಿ ನೆಲದ ನಕ್ಷೆ ಬರೆಯಿರಿ. ಕೋಣೆಗಳಿಗೆ ನಿಮ್ಮದೇ ನಂಬರು ಕೊಡಿ. ಬಾಗಿಲಿನ ಮೇಲಿನ ನಂಬರನ್ನು ಬೇರೆಯಾಗಿ ಬರೆದುಕೊಳ್ಳಿ, ಅದು ಎಷ್ಟು ಸಲ ಬದಲಾಗಿದೆಯೋ ಹೇಳಲಾಗದು. ಎರಡೂ ಕರ್ಣಗಳನ್ನು ಅಳೆಯದೆ ಕೋಣೆ ಚೌಕವೆಂದು ನಂಬಬೇಡಿ.

ಇನ್ನು ಹಂಚು. ಮಾಡಿನ ಒಳಗಿನಿಂದ ನೋಡಿದರೆ ಪಕ್ಕಾಸು (ಇಳಿಜಾರಿನ ಮರ), ರೀಪಿನ (ಅಡ್ಡಪಟ್ಟಿ) ನಡುವೆ ಹಂಚಿನ ಅಡಿಭಾಗ ಕಾಣುತ್ತದೆ. ಟಾರ್ಚನ್ನು ಬದಿಯಿಂದ ಹಿಡಿದರೆ ಕಾರ್ಖಾನೆಯ ಮುದ್ರೆ ಏಳುತ್ತದೆ. ಇಲ್ಲಿ ಅತಿ ಸಾಮಾನ್ಯವಾದ ತಪ್ಪೊಂದಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಾಡಿದ ಹಂಚಿನ ಮೇಲೆ ‘1865’ ಎಂದಿದ್ದರೆ ಹಲವರು ಕಟ್ಟಡವೇ 1865ರದು ಎಂದು ಬರೆದುಬಿಡುತ್ತಾರೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಕಾರ್ಖಾನೆ ಶುರುವಾದ ವರ್ಷ, ಆ ಹಂಚು ಬೆಂದ ವರ್ಷವಲ್ಲ. ಮೊದಲ ಮಹಾಯುದ್ಧದ ಬಳಿಕ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು; ಆ ಹೆಸರಿನ ಹಂಚುಗಳೆಲ್ಲ ಅದಕ್ಕಿಂತ ಈಚಿನವು. ಇನ್ನು ವರ್ಷಾವಧಿ ಮಳೆಗೆ ಮುಂಚೆ ಹಂಚು ಕೈಯಾಡಿಸುವ (ಒಡೆದದ್ದನ್ನು ತೆಗೆದು ಬೇರೆ ಹಾಕುವ) ಪದ್ಧತಿ ಇದ್ದುದರಿಂದ ಒಂದೇ ಮಾಡಿನಲ್ಲಿ ಐದಾರು ಕಾರ್ಖಾನೆಯ ಹಂಚು ಸಿಗುತ್ತವೆ. ಪ್ರತಿ ಇಳಿಜಾರಿನಲ್ಲೂ ಕನಿಷ್ಠ ಮೂರು ಕಡೆ ಒಂದೊಂದು ಚದರ ಮೀಟರು, ಅಂದರೆ ಸುಮಾರು 15 ಹಂಚು, ಎಣಿಸಿ ಬರೆಯಿರಿ. ಕಟ್ಟಡದ ವಯಸ್ಸು ಇದರಿಂದ ತಿಳಿಯದು. ಯಾವ ಭಾಗವನ್ನು ಹೆಚ್ಚು ಕಾಳಜಿಯಿಂದ ನೋಡಿಕೊಂಡರು, ಯಾವುದನ್ನು ಬಿಟ್ಟರು ಎಂಬುದು ತಿಳಿಯುತ್ತದೆ. ಸಾಹೇಬರ ಕೋಣೆಯ ಮೇಲಿನ ಹಂಚಿಗೂ ಜನ ಕಾಯುವ ಜಗಲಿಯ ಮೇಲಿನ ಹಂಚಿಗೂ ವ್ಯತ್ಯಾಸ ಇದ್ದರೆ ಅದನ್ನು ಬರೆಯದೆ ಬಿಡಬೇಡಿ.

ಬಣ್ಣದ ಪದರ ನೋಡುವುದಕ್ಕೆ ಬಾಗಿಲಿನ ಹಿಂದಿನ ಮೂಲೆ ಒಳ್ಳೆಯದು. 1 ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಒಂದೊಂದು ಸೆಂಟಿಮೀಟರಿಗೆ ಒಂದು ಪದರದಂತೆ ಮೆಟ್ಟಿಲು ಮಾಡುತ್ತ ಕಲ್ಲಿನವರೆಗೆ ಇಳಿಯಿರಿ. ಹಳೆ ಎಣ್ಣೆಬಣ್ಣದಲ್ಲಿ ಸೀಸ ಇರುತ್ತದೆ. ಜಾಗ ಒದ್ದೆ ಮಾಡಿ, ಮಾಸ್ಕು ಹಾಕಿ, ಉದುರಿದ್ದನ್ನು ಕಾಗದದಲ್ಲಿ ಕಟ್ಟಿ ತನ್ನಿ. ಎರಡು ಬಣ್ಣದ ನಡುವಿನ ಕಪ್ಪು ಗೆರೆ ಕೊಳೆ, ಅದನ್ನು ಬಣ್ಣವೆಂದು ಎಣಿಸಬೇಡಿ. ಗೋಡೆಗಿಂತ ಬಾಗಿಲಿನ ಚೌಕಟ್ಟಿನಲ್ಲಿ ಹೆಚ್ಚು ಪದರ ಉಳಿದಿರುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯ ಸುಣ್ಣದ ಗಾರೆ ಕಿತ್ತು ಸಿಮೆಂಟು ಬಳಿದಿದ್ದರೆ ಚರಿತ್ರೆ ಅಲ್ಲಿಂದಲೇ ಶುರು. ಅಂಥ ಗೋಡೆ ಒಳಗಿನ ತೇವವನ್ನು ಹೊರಬಿಡುವುದಿಲ್ಲ, ಉಪ್ಪು ಹೂವಿನಂತೆ ಏಳುತ್ತದೆ, ಗಾರೆ ಹೊಟ್ಟೆ ಬಿಡುತ್ತದೆ. ಆ ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿ. ಮುಂದೆ ದುರಸ್ತಿ ಮಾಡುವವರಿಗೆ ಉಪಕಾರವಾಗುತ್ತದೆ.

ಎಲ್ಲಕ್ಕಿಂತ ಬೆಲೆಬಾಳುವ ಗುರುತು ಯಾರೂ ಫೋಟೋ ತೆಗೆಯದ ಜಾಗದಲ್ಲಿರುತ್ತದೆ. ಹೆಬ್ಬೆಟ್ಟು ಒತ್ತುತ್ತಿದ್ದ ಕಚೇರಿಯಾದರೆ ಕೌಂಟರಿನ ಪಕ್ಕದ ಗೋಡೆ ಅಥವಾ ಕಂಬ ನೋಡಿ. ನೆಲದಿಂದ ಒಂದು ಮೀಟರಿನಿಂದ ಒಂದೂಕಾಲು ಮೀಟರಿನವರೆಗೆ ನೀಲಿ, ನೇರಳೆ ಶಾಯಿಯ ಒರೆಸುಗುರುತುಗಳು ಒಂದರ ಮೇಲೊಂದು. ಜಮೀನು ಮಾರಿದವರು, ಕೊಂಡವರು, ಪಾಲು ಬಿಟ್ಟುಕೊಟ್ಟ ಹೆಣ್ಣುಮಕ್ಕಳು, ಸಾಕ್ಷಿ ಹಾಕಲು ಬಂದ ನೆರೆಯವರು ಬೆರಳು ಒರೆಸಿಕೊಂಡ ಜಾಗ ಅದು. ಹತ್ತಿರದಿಂದ ನೋಡಿದರೆ ಕೆಲವು ಗುರುತುಗಳಲ್ಲಿ ಬೆರಳಿನ ಗೆರೆಯೂ ತಿಳಿಯುತ್ತದೆ. ಅಂಥ ಗೆರೆ ಸ್ಪಷ್ಟವಾಗಿ ಬಿದ್ದ ಫೋಟೋವನ್ನು ಪ್ರಕಟಿಸಬೇಡಿ, ದಾಖಲೆಯಲ್ಲಿಡಿ. ಸ್ಕೇಲು ಇಟ್ಟು, ಫ್ಲ್ಯಾಷ್ ಇಲ್ಲದೆ, ಕ್ಯಾಮರಾ ಗೋಡೆಗೆ ನೇರವಾಗಿರುವಂತೆ ತೆಗೆಯಿರಿ. ಒಂದು ಕೈ ಸುಣ್ಣ ಬಳಿದರೆ ಸಾಕು, ಇದು ಮತ್ತೆ ಸಿಗದು. ಹಾಗೆಯೇ ಮೊಣಕೈ ಊರಿ ನಯವಾದ ಕೌಂಟರಿನ ಅಂಚು, ಅದರ ಮುಂದೆ ಸವೆದ ನೆಲ: ಉದ್ದದ ನೇರ ಪಟ್ಟಿ ಇಟ್ಟು ತಗ್ಗು ಎಷ್ಟು ಮಿಲಿಮೀಟರ್ ಎಂದು ಅಳೆಯಿರಿ.

ಅಡಿಗಲ್ಲಿನ ಬಗ್ಗೆ ಒಂದು ಎಚ್ಚರಿಕೆ. ಶಂಕುಸ್ಥಾಪನೆಯ ದಿನವೂ ಬಳಕೆ ಶುರುವಾದ ದಿನವೂ ಒಂದೇ ಅಲ್ಲ. ಕಲ್ಲು ಗೋಡೆಯೊಳಗೆ ಕೂತಿದೆಯೋ ಸ್ಕ್ರೂ ಹಾಕಿ ಹೊರಗಿನಿಂದ ಹಚ್ಚಿದೆಯೋ ನೋಡಿ. ಹಚ್ಚಿದ್ದಾದರೆ ಬೇರೆ ಕಟ್ಟಡದಿಂದ ಬಂದಿರಲೂಬಹುದು.

ಜನರನ್ನು ಕೇಳುವುದು

ಕನಿಷ್ಠ 20 ಮಂದಿ. ನಾಲ್ವರು ನಿವೃತ್ತ ನೌಕರರು. ಅದರಲ್ಲಿ ಒಬ್ಬರಾದರೂ ಜವಾನರು ಇರಲೇಬೇಕು, ಬೀಗದ ಕೈ ಅವರ ಹತ್ತಿರವೇ ಇದ್ದುದು. ನಾಲ್ವರು ಕಚೇರಿಯ ಸುತ್ತ ಬದುಕಿದವರು: ಅರ್ಜಿ ಬರೆಯುವವರು, ಸ್ಟಾಂಪ್ ವೆಂಡರು, ಟೈಪಿಸ್ಟು, ಎದುರಿನ ಹೋಟೆಲಿನವರು. ಉಳಿದ ಹನ್ನೆರಡು ಕೆಲಸಕ್ಕೆ ಬಂದವರು, ಅವರಲ್ಲಿ ಅರ್ಧ ಹೆಂಗಸರು. ನಿವೃತ್ತ ಅಧಿಕಾರಿಗಳು ಬೇಗ ಸಿಗುತ್ತಾರೆ, ಚೆನ್ನಾಗಿ ಮಾತಾಡುತ್ತಾರೆ. ಆದ್ದರಿಂದಲೇ ದಾಖಲೆ ಅವರ ಕಡೆಗೆ ವಾಲುತ್ತದೆ. ಅವರನ್ನು ಕೊನೆಗೆ ಇಟ್ಟುಕೊಳ್ಳಿ.

‘ಈ ಕಟ್ಟಡ ನಿಮಗೆ ಏನು?’ ಎಂದು ಕೇಳಬೇಡಿ. ‘ಒಳ್ಳೆ ಕಟ್ಟಡ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಹೀಗೆ ಕೇಳಿ: ಅಮ್ಮ, ಆವತ್ತು ಎಷ್ಟು ಗಂಟೆಯ ಬಸ್ಸಿಗೆ ಹೊರಟಿರಿ? ಜೊತೆಗೆ ಯಾರಿದ್ದರು? ಕಾಗದಗಳನ್ನು ಯಾವುದರಲ್ಲಿ ಸುತ್ತಿ ತಂದಿರಿ? ಚಪ್ಪಲಿ ಎಲ್ಲಿ ಬಿಟ್ಟಿರಿ? ಕೂರಲು ಹೇಳಿದರಾ? ಊಟ ಎಲ್ಲಿ? ಹೆಂಗಸರಿಗೆ ಬಚ್ಚಲು ಇತ್ತಾ? ಹಿಂದೆ ಬರುವಾಗ ಕತ್ತಲಾಗಿತ್ತಾ? ಸಾಧ್ಯವಾದರೆ ಕಟ್ಟಡಕ್ಕೇ ಕರೆದುಕೊಂಡು ಹೋಗಿ. ಮನೆಯಲ್ಲಿ ಕೂತು ‘ನೆನಪಿಲ್ಲ ಮಗಾ’ ಎಂದವರು ಮೆಟ್ಟಿಲ ಹತ್ತಿರ ನಿಂತ ಕೂಡಲೇ ಕೈ ತೋರಿಸಿ ಹೇಳತೊಡಗುತ್ತಾರೆ.

ಭಾಷೆ ಅವರದ್ದೇ ಇರಲಿ. ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ ಯಾವುದಾದರೂ ಸರಿ, ಹಾಗೇ ಧ್ವನಿಮುದ್ರಿಸಿ ಆಮೇಲೆ ಕನ್ನಡಕ್ಕೆ ತನ್ನಿ. ಮನೆಮಾತಿನಲ್ಲಿ ಹೇಳುತ್ತಿದ್ದವರು ಕಚೇರಿಯ ವಿಷಯ ಬಂದಾಗ ಒಮ್ಮೆಗೇ ಪುಸ್ತಕದ ಕನ್ನಡಕ್ಕೆ ಹೊರಳಿದರೆ ಅದನ್ನು ಬರೆದಿಟ್ಟುಕೊಳ್ಳಿ. ಸರ್ಕಾರದ ಎದುರು ಯಾವ ಭಾಷೆಯಲ್ಲಿ ನಿಲ್ಲಬೇಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗದು.

ನಮ್ಮ ಜಿಲ್ಲೆಗಳಲ್ಲಿ ಒಂದು ಪ್ರಶ್ನೆ ಮರೆಯಲೇಬಾರದು: ‘ಡಿಕ್ಲರೇಶನ್ ಹಾಕಿದ್ದಿರಾ?’ 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಯಾದಾಗ ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಕೊಟ್ಟರು (ಜನರ ಬಾಯಲ್ಲಿ ಅದೇ ‘ಡಿಕ್ಲರೇಶನ್’), ತಾಲೂಕಿನ ಭೂನ್ಯಾಯಮಂಡಳಿ ತೀರ್ಮಾನಿಸಿತು. ಒಂದೇ ಕೋಣೆ, ಒಂದೇ ಮಧ್ಯಾಹ್ನ. ಗೇಣಿಗೆ ಅಕ್ಕಿ ಅಳೆಯುತ್ತಿದ್ದವರಿಗೆ ಅದು ಭೂಮಿ ಕೈಗೆ ಬಂದ ಜಾಗ, ಧಣಿಗಳ ಮನೆಯವರಿಗೆ ಕೈತಪ್ಪಿದ ಜಾಗ. ಸಣ್ಣ ಹಿಡುವಳಿಯ ವಿಧವೆಯರೂ ಗೇಣಿಗೆ ಕೊಟ್ಟಿದ್ದುಂಟು, ಅವರ ಮಾತು ಮೂರನೆಯದು. ಮೂರನ್ನೂ ತನ್ನಿ. ಒಂದು ಕಡೆಯದನ್ನು ಮಾತ್ರ ತಂದರೆ ಕಟ್ಟಡದ ಅರ್ಧ ಮುಖ ಕಾಣುವುದಿಲ್ಲ. ಆ ಕಾಲದ ನೋವು ಕೆಲವು ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಬೇರೆ ಬೇರೆ ಕಡೆಯವರನ್ನು ಒಟ್ಟಿಗೆ ಕೂರಿಸಬೇಡಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಬೇಡಿ.

ಧ್ವನಿಮುದ್ರಣ 40 ನಿಮಿಷ ಮೀರದಿರಲಿ. ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ನಿಲ್ಲಿಸಿ, ಮೈಕು ಬಾಯಿಯಿಂದ ಒಂದು ಗೇಣು ದೂರ ಇರಲಿ. ಅದೇ ದಿನ ರಾತ್ರಿ ಮೂರು ಕಡೆ ಪ್ರತಿ ಮಾಡಿ. ಒಂದು ಗಂಟೆಯ ಮಾತು ಬರಹಕ್ಕಿಳಿಸಲು ಐದಾರು ಗಂಟೆ ಬೇಕು; ಇದನ್ನು ಲೆಕ್ಕ ಹಾಕದೆ ಹೊರಟ ತಂಡಗಳ ಕೆಲಸ ಇಲ್ಲೇ ನಿಂತುಹೋಗುತ್ತದೆ. ಲಂಚದ ಮಾತು ಬಂದರೆ ಕೊಟ್ಟವರ, ತೆಗೆದುಕೊಂಡವರ ಹೆಸರು ಬಹಿರಂಗ ಪ್ರತಿಯಲ್ಲಿ ಬೇಡ.

ಮನೆಯ ಪೆಟ್ಟಿಗೆಯಲ್ಲಿರುವ ಕಾಗದ

ಮಾತಾಡಿದವರ ಮನೆಯಲ್ಲಿ ಹಳೆ ದಸ್ತಾವೇಜು ಇದ್ದರೆ ಅದರ ಬೆನ್ನು ನೋಡಿ. ನೋಂದಣಿ ಕಾಯಿದೆಯಂತೆ ದಸ್ತಾವೇಜು ಹಾಜರುಪಡಿಸಿದ ದಿನ, ಹೊತ್ತು, ಸ್ಥಳ ಮೂರನ್ನೂ ಹಿಂಬರಹದಲ್ಲಿ ಬರೆಯಲೇಬೇಕು. ಆ ಕುಟುಂಬ ಆ ದಿನ ಬೆಳಿಗ್ಗೆ ಹನ್ನೊಂದಕ್ಕೋ ಮಧ್ಯಾಹ್ನ ಮೂರಕ್ಕೋ ಯಾವ ಕಚೇರಿಯೊಳಗೆ ನಿಂತಿತ್ತು ಎಂಬುದು ಅಲ್ಲೇ ಇರುತ್ತದೆ. ಕೊನೆಯಲ್ಲಿ ‘ಬಿಕ್ಕಲಂ’ ಎಂದಿರುವ ಕಡೆ ಬರೆದವರ ಹೆಸರು, ಸ್ಟಾಂಪಿನ ಹಿಂದೆ ವೆಂಡರಿನ ಊರು ಸಿಗುತ್ತದೆ. ಕಾಗದವನ್ನು ಮನೆಯಿಂದ ಹೊರಗೆ ಒಯ್ಯಬೇಡಿ. ಅಲ್ಲೇ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದು ಹಿಂದಿರುಗಿಸಿ. ಸರ್ವೆ ನಂಬರು, ಹೆಸರು ಮುಚ್ಚಿಯೇ ಬಳಸಿ.

1956ಕ್ಕಿಂತ ಹಿಂದಿನ ಜಿಲ್ಲೆಯ ಸರ್ಕಾರಿ ಕಡತಗಳಿಗೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೇ ಹೋಗಬೇಕು. ಬೆಂಗಳೂರಿನಲ್ಲಿ ಮಾತ್ರ ಹುಡುಕಿ ‘ದಾಖಲೆಯೇ ಇಲ್ಲ’ ಎಂದು ಬರೆದವರಿದ್ದಾರೆ. 1894–95ರಲ್ಲಿ ಎರಡು ಸಂಪುಟವಾಗಿ ಬಂದ ಮದ್ರಾಸ್ ಸರ್ಕಾರದ ಜಿಲ್ಲಾ ಕೈಪಿಡಿ ಆಗಿನ ಆಡಳಿತದ ಕಣ್ಣು. ಹಳೆ ಫೋಟೋಗಳಿಗೆ ಬಾಸೆಲ್ ಮಿಷನ್ ಸಂಗ್ರಹವನ್ನು ಜಾಲತಾಣದಲ್ಲಿ ನೋಡಬಹುದು. ಫೋಟೋದಡಿಯ ಬರಹವನ್ನು ಮಾತ್ರ ನಂಬದೆ ಕಿಟಕಿಗಳನ್ನು ಎಣಿಸಿ ಹೊಂದಿಸಿ. ಗಾಜಿನ ನೆಗೆಟಿವ್ ತಿರುಗಿ ಅಚ್ಚಾಗಿ ಎಡಬಲ ಅದಲುಬದಲಾದ ಚಿತ್ರಗಳೂ ಇರುತ್ತವೆ.

ಒಟ್ಟುಮಾಡಿ ಫಲಕ ಹಾಕುವುದು

ನೆಲದ ನಕ್ಷೆಯ ಮೇಲೆ ನಾಲ್ಕು ಟ್ರೇಸಿಂಗ್ ಹಾಳೆ ಇಡಿ: 1956ರವರೆಗೆ, 1973ರವರೆಗೆ, 1997ರವರೆಗೆ, ಆಮೇಲಿನದು. ಒಬ್ಬರ ಒಂದು ಕೆಲಸಕ್ಕೆ ಒಂದು ಚುಕ್ಕೆ. ಭೂಮಿಗೆ ಕೆಂಪು, ಪಿಂಚಣಿ–ಸಹಾಯಧನಕ್ಕೆ ಹಸಿರು, ದೂರು–ಪ್ರತಿಭಟನೆಗೆ ಕಪ್ಪು, ಪ್ರಮಾಣಪತ್ರಕ್ಕೆ ನೀಲಿ. ಗೇಟಿನ ಹೊರಗೆ ನಿಂತವರನ್ನೂ ಹಾಕಿ. ಧರಣಿಗೆ ಬಂದವರ ಪಾಲಿಗೆ ಕಟ್ಟಡವೆಂದರೆ ಆ ಗೇಟೇ. 20 ಮಂದಿಯಿಂದ 60–70 ಚುಕ್ಕೆ ಬರುತ್ತವೆ. ನಾಲ್ಕು ಹಾಳೆಯನ್ನೂ ಬೆಳಕಿಗೆ ಹಿಡಿದರೆ ಚುಕ್ಕೆಗಳ ಗುಂಪು ಕೋಣೆಯಿಂದ ಕೋಣೆಗೆ ಸರಿದದ್ದು ಕಾಣುತ್ತದೆ. ಯಾರೂ ಹೇಳದ ಕೋಣೆ ಖಾಲಿ ಉಳಿಯುತ್ತದೆ. ಅದನ್ನು ತುಂಬಲು ಹೋಗಬೇಡಿ, ಖಾಲಿಯೇ ತೋರಿಸಿ.

ಫಲಕಕ್ಕೆ 120 ಪದ ಸಾಕು. ಕಟ್ಟಿದ ಕಾಲ ಒಂದೇ ವಾಕ್ಯದಲ್ಲಿ ಮುಗಿಯಲಿ, ಉಳಿದದ್ದು ಬಂದವರ ಕೆಲಸ. ಎರಡು ನೆನಪು ಒಂದಕ್ಕೊಂದು ಎದುರಾದರೆ ಎರಡನ್ನೂ ಬರೆಯಿರಿ. ಮಧ್ಯಭಾಗ ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ, ಅಕ್ಷರ 24 ಪಾಯಿಂಟಿಗಿಂತ ಸಣ್ಣದಾಗದಿರಲಿ. ಫ್ಲೆಕ್ಸ್ ಬೇಡ, ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ ಎರಡನೇ ಮಳೆಗಾಲಕ್ಕೇ ಪಾಚಿ ಹಿಡಿಯುತ್ತದೆ. ಅಚ್ಚಿಗೆ ಕೊಡುವ ಮುಂಚೆ ಮಾತಾಡಿದವರ ಮನೆಗೆ ಹೋಗಿ ಅವರ ಸಾಲುಗಳನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ‘ಇದು ಬೇಡ’ ಎಂದರೆ ತೆಗೆಯಿರಿ.

ಫಲಕವನ್ನು ಎರಡು ತುಂಡು ಮಾಡಿಸಿ: ಮೇಲಿನದು ಕಾಯಂ, ಕೆಳಗಿನ ಕಾಲುಭಾಗ ಬಿಚ್ಚಿ ಬದಲಿಸುವಂಥದ್ದು, ಐದಾರು ವರ್ಷಕ್ಕೊಮ್ಮೆ ಹೊಸ ಬಳಕೆಯನ್ನು ಬರೆಯಲು. ತೂತು ಕೊರೆಯುವುದು ಮುರಕಲ್ಲಿನ ಮುಖಕ್ಕಲ್ಲ, ಎರಡು ಕಲ್ಲಿನ ನಡುವಿನ ಗಾರೆಯ ಸಂದಿಗೆ. ಮುಂದೆ ಫಲಕ ತೆಗೆದರೆ ಸುಣ್ಣದ ಗಾರೆ ತುಂಬಿ ಮುಚ್ಚಬಹುದು. ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ, ಮಾಮೂಲಿ ಕಬ್ಬಿಣದ್ದು ಕಡಲ ಗಾಳಿಗೆ ತುಕ್ಕು ಹಿಡಿದು ಗೋಡೆಯ ಮೇಲೆ ಕೆಂಪು ಕಲೆ ಇಳಿಸುತ್ತದೆ.